ಪಕ್ಕದ ಮನೆಯವರ ಚೀಟಿಯಲ್ಲಿ ನಿಮ್ಮ ಹಾರ್ಮೋನ್ ಮಾತ್ರೆ ಇಲ್ಲ

ಫ್ಯಾನ್ ಕೆಳಗೆ ಮಲಗಿದ್ದರೂ ಮೈಯೆಲ್ಲ ಬೆವರು, ನಡುರಾತ್ರಿ ಎಚ್ಚರ. ಮುಟ್ಟು ನಿಲ್ಲುವ ಹೊತ್ತಿನ ಈ ಸಂಕಟವನ್ನು ಹಲ್ಲು ಕಚ್ಚಿ ಸಹಿಸಬೇಕಿಲ್ಲ ಅಕ್ಕಾ, ಹಾರ್ಮೋನ್ ಚಿಕಿತ್ಸೆ ಇದೆ. ಆದರೆ ಪಕ್ಕದ ಮನೆಯವರ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಬೇಡಿ.

ಯಾಕೆ ಗೊತ್ತಾ? ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಗರ್ಭಕೋಶ ಇರುವವರು ಅದೊಂದನ್ನೇ ತೆಗೆದುಕೊಂಡರೆ ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರ್‌ಗೂ ತಿರುಗಬಹುದು. ಅದನ್ನು ತಡೆಯಲೆಂದೇ ಜೊತೆಗೆ ಪ್ರೊಜೆಸ್ಟರೋನ್ ಕೊಡುತ್ತಾರೆ. ಅದು ಮುಗಿದುಹೋಯಿತೆಂದು ಈಸ್ಟ್ರೋಜನ್ ಮಾತ್ರ ನುಂಗುತ್ತಾ ಇರಬೇಡಿ.

ಸ್ತನ ಕ್ಯಾನ್ಸರ್ ಆಗಿತ್ತಾ? ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ಸ್ಟ್ರೋಕ್, ಹಾರ್ಟ್ ಅಟ್ಯಾಕ್, ಲಿವರ್ ತೊಂದರೆ? ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್, ಅಂಟಿಸುವ ಪ್ಯಾಚ್‌ನಲ್ಲಿ ಕಡಿಮೆ.

2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಈ ಚಿಕಿತ್ಸೆಯ ಬಗ್ಗೆ ಎಲ್ಲರನ್ನೂ ಹೆದರಿಸಿತು. ಆದರೆ ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಆರೋಗ್ಯವಂತರು 60ರೊಳಗೆ, ಇಲ್ಲವೇ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿದರೆ ಬಹುಪಾಲು ಮಂದಿಗೆ ಅಪಾಯಕ್ಕಿಂತ ಲಾಭವೇ ಹೆಚ್ಚು.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಔಷಧಿಯಿಂದಲೇ ಇರಬೇಕೆಂದು ಸುಮ್ಮನಾಗಬೇಡಿ. ಸ್ತ್ರೀರೋಗ ತಜ್ಞರಿಗೆ ತೋರಿಸಿ.