ಹತ್ತು ಅಡಿ ದೂರದ ಅಪರಿಚಿತರು

ಸಾರ್ವಜನಿಕ ಸ್ಥಳಗಳಲ್ಲಿ ತಮ್ಮ ಪಾಡಿಗೆ ತಾವಿರುವ ಜನರನ್ನು, ಹೀಗೆ ನಿಲ್ಲಿ ಹಾಗೆ ನೋಡಿ ಎಂದು ಹೇಳದೆ, ಇದ್ದುದು ಇದ್ದ ಹಾಗೆ ಸೆರೆಹಿಡಿಯುವ ಕಲೆಗೆ ಬೀದಿ ಛಾಯಾಗ್ರಹಣ ಅಥವಾ ರೂಢಿಯ ಮಾತಿನಲ್ಲಿ ಸ್ಟ್ರೀಟ್ ಫೋಟೋಗ್ರಫಿ ಎಂದು ಹೆಸರು. ಬೀದಿ ಎಂಬುದು ಇಲ್ಲಿ ಹೆಸರಿಗಷ್ಟೇ. ಸಂತೆ, ಜಾತ್ರೆ, ಬಸ್ ನಿಲ್ದಾಣ, ದರ್ಶಿನಿಯ ಮುಂದೆ ಕಾಫಿ ಲೋಟ ಹಿಡಿದು ನಿಲ್ಲುವ ಜಾಗ, ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಹಕ್ಕಿಗಳನ್ನೂ ಗುಡಿಗೋಪುರಗಳನ್ನೂ ಚಿತ್ರಿಸಿ ಕೈ ಪಳಗಿದವರು ಸಹ ಈ ಪ್ರಕಾರಕ್ಕೆ ಇಳಿದ ಮೊದಲ ದಿನ ತಡವರಿಸುವುದುಂಟು. ಹಕ್ಕಿಯಾಗಲಿ ಗೋಪುರವಾಗಲಿ ತಿರುಗಿ ನಿಂತು ‘ಯಾಕೆ ತೆಗೆದಿರಿ’ ಎಂದು ಕೇಳುವುದಿಲ್ಲ, ಮನುಷ್ಯರು ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ.

ಆರಂಭದ ಕ್ಯಾಮೆರಾಗಳಿಗೆ ಬೀದಿಯ ಜನ ಕಾಣುತ್ತಲೇ ಇರಲಿಲ್ಲ. 1838ರಲ್ಲಿ ಲೂಯಿ ದಾಗೆರ್ ಪ್ಯಾರಿಸ್ಸಿನ ಬುಲ್ವಾರ್ ದು ತಾಂಪ್ಲ್ ಎಂಬ ರಸ್ತೆಯನ್ನು ಎತ್ತರದ ಕಿಟಕಿಯಿಂದ ಚಿತ್ರಿಸಿದಾಗ, ಬೆಳ್ಳಿಲೇಪದ ತಟ್ಟೆಯನ್ನು ಹಲವು ನಿಮಿಷ ಬೆಳಕಿಗೆ ಒಡ್ಡಬೇಕಾಗಿದ್ದುದರಿಂದ, ನಡೆಯುತ್ತಿದ್ದವರೂ ಓಡುತ್ತಿದ್ದ ಗಾಡಿಗಳೂ ಗುರುತಿಲ್ಲದೆ ಅಳಿಸಿಹೋಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ಕಾಲೂರಿ ನಿಂತಿದ್ದ ವ್ಯಕ್ತಿಯ ಆಕೃತಿ ಸ್ಪಷ್ಟವಾಗಿ ಉಳಿಯಿತು. ಮನುಷ್ಯರೂಪ ಕಾಣುವ ಅತ್ಯಂತ ಹಳೆಯ ಛಾಯಾಚಿತ್ರವೆಂದು ಸಾಮಾನ್ಯವಾಗಿ ಪರಿಗಣಿಸಲಾಗುವ ಆ ಚಿತ್ರದಲ್ಲಿ ತಾನಿರುವೆನೆಂಬುದು ಆತನಿಗೆ ತಿಳಿದಿರುವ ಸಂಭವ ಕಡಿಮೆ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡ್ಯಾಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದು, ಕ್ಷಣಮಾತ್ರದಲ್ಲಿ ಚಿತ್ರ ತೆಗೆಯುವುದು ಸಾಮಾನ್ಯರಿಗೂ ಸಾಧ್ಯವಾದ ಮೇಲೆ, ತಕರಾರು ಬಹಳ ಕಾಲ ಕಾಯಲಿಲ್ಲ. 1890ರಲ್ಲಿ ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಇಬ್ಬರು ಅಮೆರಿಕನ್ ವಕೀಲರು, ಖಾಸಗಿತನದ ಹಕ್ಕನ್ನು ಪ್ರತಿಪಾದಿಸಿದ ತಮ್ಮ ಪ್ರಸಿದ್ಧ ಲೇಖನದಲ್ಲಿ, ದಿಢೀರ್ ಛಾಯಾಚಿತ್ರಗಳ ಮೇಲೆ ಹೆಸರಿಸಿಯೇ ದೂರು ಹೊರಿಸಿದರು. 1898ರಲ್ಲಿ ಜರ್ಮನಿಯ ಮಾಜಿ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡಾಗ ಇಬ್ಬರು ಛಾಯಾಗ್ರಾಹಕರು ಆತನ ಕೋಣೆಗೆ ಕದ್ದು ನುಗ್ಗಿ ಶವದ ಚಿತ್ರ ತೆಗೆದದ್ದು ದೊಡ್ಡ ಗದ್ದಲವಾಗಿ, ವ್ಯಕ್ತಿಯ ಒಪ್ಪಿಗೆಯಿಲ್ಲದೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಆತನ ಚಿತ್ರವನ್ನು ಪ್ರಕಟಿಸಬಾರದೆನ್ನುವ ಕಾನೂನು ಜರ್ಮನಿಯಲ್ಲಿ 1907ರಲ್ಲಿ ಬಂದಿತು. ಅದೇ ಜರ್ಮನಿಯಿಂದ 1925ರಲ್ಲಿ, ಸಿನಿಮಾದ 35 ಮಿ.ಮೀ. ಫಿಲ್ಮನ್ನು ಬಳಸುವ, ಕೋಟಿನ ಜೇಬಿಗೆ ಹಿಡಿಸುವ ಲೈಕಾ ಕ್ಯಾಮೆರಾ ಹೊರಬಂದು, ಬೀದಿ ಛಾಯಾಗ್ರಹಣಕ್ಕೆ ನಿಜವಾದ ಕಾಲು ಮೂಡಿತು.

ಎದುರಿನವರಿಗೆ ತಿಳಿಯದಂತೆ ಚಿತ್ರ ತೆಗೆಯುವ ಉಪಾಯಗಳನ್ನು ದೊಡ್ಡವರೂ ಮಾಡಿದ್ದಾರೆ. ಪಾಲ್ ಸ್ಟ್ರ್ಯಾಂಡ್ 1916ರಲ್ಲಿ ನ್ಯೂಯಾರ್ಕಿನ ಜನರನ್ನು ಚಿತ್ರಿಸುವಾಗ ಕ್ಯಾಮೆರಾಕ್ಕೆ ಸುಳ್ಳು ಲೆನ್ಸೊಂದನ್ನು ಜೋಡಿಸಿಕೊಂಡಿದ್ದರು. ವಾಕರ್ ಎವನ್ಸ್ 1938ರಿಂದ 1941ರವರೆಗೆ ಅದೇ ನಗರದ ಸುರಂಗ ರೈಲುಗಳಲ್ಲಿ ಕ್ಯಾಮೆರಾವನ್ನು ಕೋಟಿನೊಳಗೆ ಅಡಗಿಸಿ ಎದುರು ಕುಳಿತವರ ಮುಖಗಳನ್ನು ಹಿಡಿದು, ಪುಸ್ತಕವಾಗಿ ಹೊರತರಲು 1966ರವರೆಗೆ ಕಾದರು. ಅಡಗಿಸುವ ಈ ಆಸೆಯೇ ಇಂದಿನ ಹೊಸಬರಲ್ಲಿ ಉದ್ದನೆಯ ಜೂಮ್ ಲೆನ್ಸಿನ ರೂಪ ತಾಳಿ, ರಸ್ತೆಯ ಆಚೆ ಬದಿಯಿಂದ ಮುಖಗಳನ್ನು ಎಳೆದುಕೊಳ್ಳುವಂತೆ ಮಾಡುತ್ತದೆ. ಹಾಗೆ ತೆಗೆದ ಚಿತ್ರಗಳಲ್ಲಿ ಹಿನ್ನೆಲೆ ಮಸುಕಾಗಿ, ಮುಖ ಮಾತ್ರ ಉಳಿದು, ಬೀದಿಯೇ ಕಾಣೆಯಾಗುತ್ತದೆ; ಮೇಲಾಗಿ, ಹತ್ತಿರ ನಿಂತವರನ್ನು ಜನ ಕಂಡು ಬೇಡವೆನ್ನಬಹುದು, ದೂರದಲ್ಲಿ ಅವಿತವರಿಗೆ ಅದನ್ನು ಹೇಳುವ ದಾರಿಯೇ ಇರುವುದಿಲ್ಲ. ಆದ್ದರಿಂದ ಹತ್ತಿರ ಹೋಗುವುದು ಧೈರ್ಯದ ಪ್ರಶ್ನೆಯಾಗಿರುವಷ್ಟೇ ಮರ್ಯಾದೆಯ ಪ್ರಶ್ನೆಯೂ ಹೌದು.

ಹತ್ತಿರವೆಂದರೆ ಎಷ್ಟು ಎಂಬುದಕ್ಕೆ ಲೆನ್ಸಿನ ಲೆಕ್ಕವೇ ಒಂದು ಉತ್ತರ ಕೊಡುತ್ತದೆ. ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರಕ್ಕೆ ಅಪರ್ಚರ್ ಎನ್ನುತ್ತಾರೆ. ಅದು ಕಿರಿದಾದಷ್ಟೂ, ಮುಂದಿನಿಂದ ಹಿಂದಿನವರೆಗೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ವಲಯ ಹಿಗ್ಗುತ್ತದೆ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾಕ್ಕೆ 35 ಮಿ.ಮೀ. ಲೆನ್ಸ್ ಹಾಕಿ, ಅಪರ್ಚರನ್ನು ಎಫ್/8ಕ್ಕೆ ಇಟ್ಟು, ಫೋಕಸ್ಸನ್ನು 10 ಅಡಿಗೆ ನಿಲ್ಲಿಸಿಬಿಟ್ಟರೆ, ಸುಮಾರು 6 ಅಡಿಯಿಂದ 24 ಅಡಿಯವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ. ವಲಯ ಫೋಕಸ್ ಎಂದು ಕರೆಯಬಹುದಾದ ಈ ವಿಧಾನದಲ್ಲಿ, ಫೋಕಸ್ ಸಿಕ್ಕಿತೇ ಎಂದು ಕ್ಯಾಮೆರಾವನ್ನು ಕಣ್ಣಿಗೆ ಒತ್ತಿ ಕಾಯುವ ಗೊಡವೆಯಿಲ್ಲ. ನಡೆಯುವವರ ಕೈಕಾಲು ಮಸುಕಾಗದಿರಲು ಶಟರ್ ವೇಗ, ಅಂದರೆ ಬೆಳಕನ್ನು ಒಳಬಿಡುವ ಅವಧಿ, ಸೆಕೆಂಡಿನ 250ನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದು. ಮೊಬೈಲ್ ಹಿಡಿದವರಿಗೆ ಈ ತಲೆನೋವುಗಳಿಲ್ಲ. ಅದರ ಪುಟ್ಟ ಸೆನ್ಸರ್ ಮತ್ತು ಅಗಲ ನೋಟದ ಲೆನ್ಸ್ ಆ ಕೆಲಸವನ್ನು ಬಹುಮಟ್ಟಿಗೆ ತಾವೇ ಮಾಡಿಬಿಡುತ್ತವೆ.

ನಮ್ಮ ಊರುಗಳಲ್ಲಿ ಹೊಸಬರು ಎದುರಿಸುವ ತೊಡಕು ಪ್ಯಾರಿಸ್ ನ್ಯೂಯಾರ್ಕ್‌ಗಳ ತೊಡಕಿಗಿಂತ ಬೇರೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ಅಂಗಳಕ್ಕೆ ಬೆಳಗಿನ ಜಾವ ಕ್ಯಾಮೆರಾ ಹಿಡಿದು ಬರುವವರಲ್ಲಿ ಹಲವರು ಮೊದಲು ಮಹಡಿಯ ಕಟಕಟೆಯಿಂದ ಕೆಳಗಿನ ರಾಶಿಗಳನ್ನು ಚಿತ್ರಿಸುತ್ತಾರೆ. ಬಣ್ಣಕ್ಕೆ ಕೊರತೆಯಿರುವುದಿಲ್ಲ, ಆದರೆ ಜನರ ನೆತ್ತಿಗಳನ್ನು ಬಿಟ್ಟು ಬೇರೇನೂ ಸಿಕ್ಕುವುದಿಲ್ಲ. ಮೆಟ್ಟಿಲಿಳಿದು ಕೆಳಗೆ ಬಂದರೆ, ಹೂ ಕಟ್ಟುವವರ ಬೆರಳಿಗೆ ಸುತ್ತಿದ ಬಾಳೆನಾರು, ತಕ್ಕಡಿಗೆ ಸೇವಂತಿಗೆ ಸುರಿಯುತ್ತಲೇ ಗಿರಾಕಿಯೊಡನೆ ನಡೆಯುವ ಚೌಕಾಸಿ, ಮೂಟೆ ಹೊತ್ತು ‘ಸೈಡ್, ಸೈಡ್’ ಎಂದು ಕೂಗುತ್ತ ಬರುವ ಹಮಾಲರು, ಎಲ್ಲವೂ ಹತ್ತು ಅಡಿಯೊಳಗೇ ಇವೆ. ಆದರೆ ಕ್ಯಾಮೆರಾ ಎತ್ತಿದ ಕೂಡಲೇ ತಕ್ಕಡಿ ನಿಂತು, ಬೆನ್ನು ನೆಟ್ಟಗಾಗಿ, ಮುಖದಲ್ಲಿ ಸ್ಟುಡಿಯೋದ ಗಾಂಭೀರ್ಯ ಮೂಡಿ, ‘ನಮ್ದೂ ಒಂದು ತೆಗೀರಿ ಸಾರ್’ ಎಂಬ ಕೂಗು ಬರುತ್ತದೆ. ‘ಯಾವ ಪೇಪರ್‌ನಲ್ಲಿ ಬರುತ್ತೆ?’ ಎಂಬ ಪ್ರಶ್ನೆಯೂ ತಪ್ಪಿದ್ದಲ್ಲ. ಅನುಮತಿ ಕೇಳಿದರೆ ಸಿಗುತ್ತದೆ, ಸಿಕ್ಕಿದೊಡನೆ ಚಿತ್ರ ಕೆಡುತ್ತದೆ. ಇದಕ್ಕೆ ಇರುವ ಪರಿಹಾರ ಸರಳವಾದರೂ ಸಮಯ ಬೇಡುವಂಥದು: ಅವರು ಬಯಸಿದ ನೆಟ್ಟನೆಯ ಚಿತ್ರವನ್ನು ಮೊದಲು ತೆಗೆದು, ಪರದೆಯ ಮೇಲೆ ತೋರಿಸಿ, ಒಂದು ಮೊಳ ಹೂ ಕೊಂಡು ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲಬೇಕು, ಕ್ಯಾಮೆರಾ ಹಳತಾಗಿ ವ್ಯಾಪಾರ ಮತ್ತೆ ಮುಖ್ಯವಾದಾಗ ನಿಜವಾದ ಚಿತ್ರ ಎದುರಾಗುತ್ತದೆ. ಇಂಥ ಚಿತ್ರಗಳಿಗೆ ನಮ್ಮಲ್ಲೇ ಇರುವ ಮಾದರಿ, 1977ರಲ್ಲಿ ಪದ್ಮಶ್ರೀ ಪಡೆದ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009). ಜನಸಾಮಾನ್ಯರ ದಿನಚರಿಯನ್ನೇ ವಸ್ತುವಾಗಿಸಿಕೊಂಡ ಅವರ ಕಪ್ಪುಬಿಳುಪು ಚಿತ್ರಗಳನ್ನು ಕನ್ನಡದ ಹೊಸ ಛಾಯಾಗ್ರಾಹಕರು ಯಾವುದೇ ತರಬೇತಿಗಿಂತ ಮೊದಲು ನೋಡಬೇಕು.

ಯಾರನ್ನು ಚಿತ್ರಿಸಬಾರದು ಎಂಬುದು ಹೆಚ್ಚು ಕಠಿಣವಾದ ಪ್ರಶ್ನೆ. ಫುಟ್‌ಪಾತಿನ ಮೇಲೆ ಮಲಗಿದವರು, ಭಿಕ್ಷೆ ಬೇಡುವವರು, ಅಳುತ್ತಿರುವವರು ಹೊಸಬರ ಕಣ್ಣಿಗೆ ಬೇಗ ಬೀಳುತ್ತಾರೆ. ಅವರು ಎದುರಾಡುವುದಿಲ್ಲವೆಂಬ ಧೈರ್ಯವೇ ಅದರ ಹಿಂದೆ ಹೆಚ್ಚಾಗಿರುವುದರಿಂದ, ಅಂಥ ಚಿತ್ರಗಳಿಗೆ ಕರುಣೆಯ ಹೆಸರು ಕೊಡುವುದು ಸರಿಯಲ್ಲ. ಮಕ್ಕಳ ವಿಷಯದಲ್ಲಿ ಹೆತ್ತವರನ್ನು ಕೇಳುವುದೇ ಕ್ಷೇಮ. ಕಾನೂನಿನ ಮಾತಿಗೆ ಬಂದರೆ, ಮಹಿಳೆಯರನ್ನು ಅವರ ಖಾಸಗಿ ಸ್ಥಿತಿಯಲ್ಲಿ ಕದ್ದು ಚಿತ್ರಿಸುವುದು 2013ರಿಂದ ಪ್ರತ್ಯೇಕ ಅಪರಾಧವಾಗಿದ್ದು, ಈಗ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ವ್ಯಕ್ತಿ ತನ್ನ ಖಾಸಗಿತನವನ್ನು ಕಳೆದುಕೊಳ್ಳುವುದಿಲ್ಲವೆಂಬ ಮಾತು ಆ ತೀರ್ಪಿನಲ್ಲಿದೆ. ಅದು ಬೀದಿ ಛಾಯಾಗ್ರಹಣದ ಮೇಲಿನ ತೀರ್ಪಲ್ಲ, ಆದರೂ ಬೀದಿಗೆ ಬಂದವರೆಲ್ಲ ಚಿತ್ರಕ್ಕೆ ಒಪ್ಪಿದವರೇ ಎಂಬ ಹಳೆಯ ವಾದ ಅದರ ನಂತರ ಅಷ್ಟು ಸಲೀಸಲ್ಲ.

ಯಾರಾದರೂ ಬೇಡವೆಂದರೆ ವಾದಕ್ಕಿಳಿಯದೆ, ಅವರ ಎದುರಿಗೇ ಚಿತ್ರವನ್ನು ಅಳಿಸುವುದು ಕಸುಬಿನವರ ರೂಢಿ. ಮೊಬೈಲಿನಲ್ಲಿ ತೆಗೆಯುವವರು ಇಲ್ಲೊಂದು ಸಂಗತಿಯನ್ನು ನೆನಪಿಡಬೇಕು: ಅಳಿಸಿದ ಚಿತ್ರ ಕೂಡಲೇ ಹೋಗುವುದಿಲ್ಲ, ಐಫೋನಿನಲ್ಲಾದರೆ ‘ಇತ್ತೀಚೆಗೆ ಅಳಿಸಿದವು’ ಎಂಬ ಕಡತದಲ್ಲಿ ಸಾಮಾನ್ಯವಾಗಿ 30 ದಿನ ಉಳಿದಿರುತ್ತದೆ. ಅಲ್ಲಿಂದಲೂ ಅಳಿಸಿ ತೋರಿಸಿ, ಕೈ ಮುಗಿದು ಮುಂದೆ ನಡೆಯಿರಿ.