ಹಳೆಯ ಮರ, ಹಳೆಯ ಅಂಟು

ನಮ್ಮ ತಾತನವರ ಕಾಲದ ಬೀಟೆ ಮರದ ಮೇಜೊಂದು ನಮ್ಮ ಮನೆಯಲ್ಲಿದೆ. ಹಿಂದೊಮ್ಮೆ ಮನೆ ಬದಲಾಯಿಸುವಾಗ, ಲಾರಿಯ ಕುಲುಕಾಟಕ್ಕೆ ಅದರ ಎರಡು ಖಾನೆಗಳು ಜಾರಿ ಬೀಳದಿರಲೆಂದು ಟೇಪು ಅಂಟಿಸಿದೆವು. ಹೊಸ ಮನೆ ಸೇರಿದ ಮೇಲೆ ಸಂದಿನಲ್ಲಿ ಅದನ್ನು ಕೊಯ್ದೆವೇ ಹೊರತು, ಪೂರ್ತಿಯಾಗಿ ಕೀಳಲು ಯಾರಿಗೂ ಬಿಡುವಾಗಲಿಲ್ಲ. ವರ್ಷಗಳು ಕಳೆದ ಮೇಲೆ ಒಂದು ಭಾನುವಾರ ಮೊದಲನೆಯ ಖಾನೆಗೆ ನಾನೇ ಕೈಹಚ್ಚಿದೆ. ಟೇಪಿನ ಹಾಳೆ ಚೂರುಚೂರಾಗಿ ಉದುರಿತು. ಕಂದು ಬಣ್ಣಕ್ಕೆ ತಿರುಗಿದ ಅಂಟು ಮಾತ್ರ ಹಾಗೆಯೇ ಉಳಿಯಿತು. ಕೈಗೆ ಸಿಕ್ಕಿದ ಸ್ಪಿರಿಟ್ಟನ್ನು ಬಟ್ಟೆಗೆ ಸುರಿದು ಉಜ್ಜಿದೆ. ಅಂಟಿನ ಜೊತೆಗೆ ಅಂಗೈಯಗಲದ ಪಾಲಿಷೂ ಬಟ್ಟೆಗೆ ಬಂದಿತು. ಆಚಾರಿಯನ್ನು ಕರೆಸಿ ಮತ್ತೆ ಪಾಲಿಷ್ ಹಾಕಿಸಿದರೂ, ತಾತನವರ ಕೈಬಳಕೆಯಿಂದ ಬಂದಿದ್ದ ಆ ನುಣುಪು ಮರಳಲಿಲ್ಲ.

ತಪ್ಪಾದುದೆಲ್ಲಿ? ಅಂಟನ್ನು ಕುರಿತು ಯೋಚಿಸಿದೆನೇ ಹೊರತು, ಅದು ಕುಳಿತಿದ್ದ ಹೊಳಪನ್ನು ಕುರಿತು ಯೋಚಿಸಲಿಲ್ಲ.

ಪಾರದರ್ಶಕವಾದ ಅಂಟುಟೇಪು 1930ರಲ್ಲಿ ಅಮೆರಿಕದ ರಿಚರ್ಡ್ ಡ್ರೂ ಅವರ ಪ್ರಯತ್ನದಿಂದ ಬಳಕೆಗೆ ಬಂದಿತು. ಇಂತಹ ಹಳೆಯ ಟೇಪುಗಳ ಅಂಟಿನಲ್ಲಿ ರಬ್ಬರು ಮತ್ತು ರಾಳ ಮುಖ್ಯ. ಗಾಳಿಯ ಆಮ್ಲಜನಕ ತಾಗಿದಂತೆ ಈ ಅಂಟು ಮೊದಲು ಜಿಗುಟಾಗಿ ಕರಗುತ್ತದೆ, ಆಮೇಲೆ ಹಳದಿಯಾಗಿ, ಕಂದಾಗಿ, ಗಟ್ಟಿಯಾಗುತ್ತದೆ. ಆದುದರಿಂದ ಟೇಪು ಹಳೆಯದಾದಷ್ಟೂ ಕೆಲಸ ನಿಧಾನ.

ಇನ್ನು ಹೊಳಪಿನ ವಿಚಾರ. ನಮ್ಮ ಹಳೆಯ ಬೀರು ಮೇಜುಗಳಿಗೆ ಹೆಚ್ಚಾಗಿ ಹಾಕುತ್ತಿದ್ದುದು ಫ್ರೆಂಚ್ ಪಾಲಿಷ್. ಮುತ್ತುಗದಂತಹ ಮರಗಳ ಮೇಲೆ ಸಣ್ಣ ಕೀಟಗಳು ಕಟ್ಟುವ ಅರಗನ್ನು ಶುದ್ಧಿಮಾಡಿ, ಸ್ಪಿರಿಟ್ಟಿನಲ್ಲಿ ಕರಗಿಸಿ ಮಾಡಿದ ಪಾಲಿಷ್ ಅದು. ಯಾವುದರಲ್ಲಿ ಕರಗಿ ಮರಕ್ಕೆ ಬಂದಿತೋ ಅದರಲ್ಲಿಯೇ ಅದು ಮರಳಿ ಕರಗುತ್ತದೆ. ನನ್ನ ಸ್ಪಿರಿಟ್ಟು ಮಾಡಿದ್ದು ಅದನ್ನೇ. ಅರಗಿಗೆ ಹೆಚ್ಚು ಬಿಸಿಯೂ ಆಗದು. ಚನ್ನಪಟ್ಟಣದ ಗೊಂಬೆ ಮಾಡುವವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜಾಟದ ಬಿಸಿಗೇ ಅದು ಕರಗಿ ಮೆತ್ತಿಕೊಳ್ಳುವುದನ್ನು ನೋಡಿದವರಿಗೆ ಇದು ಗೊತ್ತು. ನೀರು ನಿಂತರೆ ಬಿಳಿಯ ಕಲೆ ಏಳುತ್ತದೆ. ಬೇರೆ ಕೆಲವು ಮರದ ಸಾಮಾನುಗಳ ಮೇಲೆ, ಹಳೆಯ ರೇಡಿಯೋ ಪೆಟ್ಟಿಗೆಗಳ ಮೇಲೆ, ಲ್ಯಾಕರ್ ಇರುವುದುಂಟು. ಅದನ್ನು ಥಿನ್ನರೂ, ಉಗುರುಬಣ್ಣ ತೆಗೆಯುವ ಅಸಿಟೋನೂ ಕರಗಿಸಿಬಿಡುತ್ತವೆ.

ಹಾಗಾದರೆ ನಮಗೆ ಬೇಕಾದುದು ಅಂಟನ್ನು ಮೆದುವಾಗಿಸಿ ಹೊಳಪನ್ನು ಮುಟ್ಟದ ದ್ರವ. ಬಣ್ಣದ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪಂಟೈನ್ ಸಾಮಾನ್ಯವಾಗಿ ಅಂತಹದು. ಆದರೂ ಪರೀಕ್ಷೆ ಮಾಡದೆ ಬಳಸಬಾರದು. ಮೇಜಿನ ಕಾಲಿನ ಒಳಮಗ್ಗುಲಂತಹ ಮರೆಯಾದ ಜಾಗದಲ್ಲಿ ಹತ್ತಿಯಿಂದ ಸ್ವಲ್ಪ ಸವರಿ ಕೆಲವು ನಿಮಿಷ ಕಾಯಿರಿ. ಹತ್ತಿಗೆ ಬಣ್ಣ ಹತ್ತದೆ, ಮೇಲ್ಮೈ ಜಿಗುಟಾಗದೆ ಇದ್ದರೆ ಮುಂದುವರಿಯಬಹುದು.

ಟೇಪಿನ ಹಾಳೆ ಇನ್ನೂ ಇದ್ದರೆ ಮೊದಲು ಅದನ್ನು ಬಿಡಿಸಬೇಕು. ಕೂದಲು ಒಣಗಿಸುವ ಯಂತ್ರವನ್ನು ಕಡಿಮೆ ಬಿಸಿಗಿಟ್ಟು, ದೂರದಿಂದ ಆಡಿಸಿರಿ. ಮರದ ಮೇಲೆ ಅಂಗೈ ಇಟ್ಟರೆ ಹಿತವಾಗಿರಬೇಕು. ಅದಕ್ಕಿಂತ ಹೆಚ್ಚಿನ ಶಾಖ ಬೇಡ. ಟೇಪನ್ನು ಮೇಲಕ್ಕೆ ಜಗ್ಗದೆ, ಅದರ ಮೇಲೆಯೇ ಮಡಿಸಿದಂತೆ ಹಿಂದಕ್ಕೆ, ಮರದ ಎಳೆಯ ಜಾಡಿನಲ್ಲಿ ಮೆಲ್ಲಗೆ ಎಳೆಯಿರಿ. ಜಿಗುಟಾಗಿ ಉಳಿದ ಅಂಟು ಹೆಬ್ಬೆರಳಿನಿಂದ ತಿಕ್ಕಿದರೆ ಎಷ್ಟೋ ಸಲ ಉಂಡೆಯಾಗಿ ಎದ್ದುಬರುತ್ತದೆ.

ಗಟ್ಟಿಯಾದ ಅಂಟಿಗೆ ಟರ್ಪಂಟೈನ್. ಅದನ್ನು ಮರದ ಮೇಲೆ ಸುರಿಯಬಾರದು. ಹಳೆಯ ಬನಿಯನ್ ಬಟ್ಟೆಯನ್ನು ಅದರಲ್ಲಿ ತೇವಮಾಡಿ ಅಂಟಿನ ಮೇಲೆ ಒಂದೆರಡು ನಿಮಿಷ ಇಡಿ. ಮೆದುವಾದಷ್ಟನ್ನು ಒರೆಸಿ, ಬಟ್ಟೆಯ ಮಗ್ಗುಲು ಬದಲಿಸಿ ಮತ್ತೆ ಇಡಿ. ಒಂದೇ ಸಲಕ್ಕೆ ಮುಗಿಸುವ ಹಟ ಬೇಡ. ಕೆರೆಯಲೇಬೇಕಾದರೆ ಬಳಸಿ ಬಿಟ್ಟ ಪ್ಲಾಸ್ಟಿಕ್ ಕಾರ್ಡಿನ ಅಂಚು ಸಾಕು. ಬ್ಲೇಡು, ಚಾಕು, ಉಪ್ಪುಕಾಗದ ಸರ್ವಥಾ ಕೂಡದು. ಟರ್ಪಂಟೈನ್ ಇಲ್ಲದಿದ್ದರೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಕಾಲು ಗಂಟೆ ಬಿಟ್ಟು ಒರೆಸಬಹುದು. ಆದರೆ ಪಾಲಿಷ್ ಬಿರಿದಿರುವ ಕಡೆ ಎಣ್ಣೆ ಮರಕ್ಕೆ ಇಳಿದು ಕಪ್ಪು ಕಲೆಯಾಗುವುದರಿಂದ ಅಲ್ಲಿ ಅದು ಬೇಡ.

ಟರ್ಪಂಟೈನ್ ಬೇಗ ಹೊತ್ತಿಕೊಳ್ಳುವ ವಸ್ತು. ಕಿಟಕಿಗಳನ್ನು ತೆರೆದಿಟ್ಟು, ಒಲೆ ದೀಪಗಳಿಂದ ದೂರದಲ್ಲಿ ಕೆಲಸ ಮಾಡಬೇಕು. ಮುಗಿದ ಮೇಲೆ ಬಟ್ಟೆಯನ್ನು ಮುದುರಿ ಮೂಲೆಗೆಸೆಯದೆ ಹೊರಗೆ ಹರಡಿ ಒಣಗಿಸಬೇಕು. ಪೆಟ್ರೋಲನ್ನಂತೂ ಮನೆಯೊಳಗೆ ತರಲೇಬಾರದು.

ಅಂಟು ಹೋದ ಮೇಲೆ ಒಣಬಟ್ಟೆಯಿಂದ ಒರೆಸಿ, ಒಂದು ದಿನ ಬಿಟ್ಟು, ಜೇನುಮೇಣದ ಪಾಲಿಷನ್ನು ತೆಳುವಾಗಿ ಹಚ್ಚಿ ಉಜ್ಜಿದರೆ ಹೊಳಪು ಕೂಡಿಕೊಳ್ಳುತ್ತದೆ. ಆಗಲೂ ಟೇಪು ಇದ್ದ ಜಾಗ ಬೇರೆ ಛಾಯೆಯಲ್ಲಿ ಕಾಣಬಹುದು. ಅದು ಉಳಿದ ಅಂಟಲ್ಲ. ಸುತ್ತಲಿನ ಮರ ವರ್ಷಗಟ್ಟಲೆ ಬೆಳಕು ಕಂಡಿದೆ, ಟೇಪಿನಡಿಯ ಮರ ಕಂಡಿಲ್ಲ, ವ್ಯತ್ಯಾಸ ಅಷ್ಟೆ. ಅಂಟೆಂದು ಭಾವಿಸಿ ಮತ್ತೆ ಮತ್ತೆ ಉಜ್ಜುವವರು ಕೊನೆಯ ಗಳಿಗೆಯಲ್ಲಿ ಮೇಜನ್ನು ಕೆಡಿಸುತ್ತಾರೆ. ಬಟ್ಟೆಗೆ ಕಂದು ಬಣ್ಣ ಹತ್ತತೊಡಗಿದರೆ ಅಲ್ಲಿಗೇ ನಿಲ್ಲಿಸಿ, ತಿಳಿದ ಪಾಲಿಷ್ ಕೆಲಸದವರನ್ನು ಕರೆಯುವುದು ಲೇಸು.

ನಮ್ಮ ಮೇಜಿನ ಎರಡನೆಯ ಖಾನೆಯನ್ನು ಹೀಗೆ ಮೂರು ಸಂಜೆ ಕುಳಿತು ಬಿಡಿಸಿದೆ. ಅದರ ಪಾಲಿಷ್ ಉಳಿಯಿತು. ಈಗ ಎರಡು ಖಾನೆಗಳೂ ಅಕ್ಕಪಕ್ಕದಲ್ಲಿವೆ: ಒಂದು ಆಚಾರಿ ಕೊಟ್ಟ ಹೊಳಪು, ಇನ್ನೊಂದು ತಾತನವರು ಬಿಟ್ಟುಹೋದದ್ದು. ಮುಂದೆ ಮನೆ ಬದಲಾಯಿಸುವಾಗ ಖಾನೆಗಳಿಗೆ ಟೇಪು ಹಚ್ಚುವುದಿಲ್ಲ. ಹಳೆಯ ಸೀರೆಯೊಂದನ್ನು ಸುತ್ತಿ ಹಗ್ಗ ಕಟ್ಟುತ್ತೇವೆ.