ರೋಬೋ ಆಗುವ ಆಟಿಕೆ ಕಾರಿನ ‘ಸ್ಕೇಲ್’ ಎಷ್ಟು? ಅಳತೆಪಟ್ಟಿ ಇದ್ದರೆ ಸಾಕು, ಹೀಗೆ ಲೆಕ್ಕ ಹಾಕಿ

ಮುಂಬೈ: ಕ್ರಾಫರ್ಡ್ ಮಾರ್ಕೆಟ್‌ನ ಆಟಿಕೆ ಅಂಗಡಿ ಇರಲಿ, ಮೊಬೈಲ್‌ನ ಶಾಪಿಂಗ್ ಆ್ಯಪ್ ಇರಲಿ, ಬಿಚ್ಚಿದರೆ ರೋಬೋ, ಮಡಚಿದರೆ ಕಾರು ಆಗುವ ಆಟಿಕೆ ಕಂಡರೆ ಮಕ್ಕಳು ಹಟ ಹಿಡಿಯುವುದು ಗ್ಯಾರಂಟಿ. ಆದರೆ ಫೋಟೋದಲ್ಲಿ ಭರ್ಜರಿಯಾಗಿ ಕಂಡ ಕಾರು ಮನೆಗೆ ಬಂದಾಗ ಅಂಗೈಯಷ್ಟೇ ಇದ್ದರೆ? ಲಾರಿಯ ಪಕ್ಕ ನಿಲ್ಲಿಸಿದಾಗ ಕಾರೇ ದೊಡ್ಡದಾಗಿ ಕಂಡರೆ? ಹಣ ಕೊಟ್ಟ ಮೇಲೆ ಬೇಸರಪಡುವ ಬದಲು ಮೊದಲೇ ಸ್ಕೇಲ್ ಲೆಕ್ಕ ಹಾಕಿಕೊಳ್ಳಿ.

ಏನಿದು ಸ್ಕೇಲ್?

ಅಸಲಿ ವಾಹನಕ್ಕಿಂತ ಆಟಿಕೆ ಎಷ್ಟು ಪಟ್ಟು ಚಿಕ್ಕದು ಎನ್ನುವುದೇ ಸ್ಕೇಲ್. 1:24 ಎಂದರೆ ಆಟಿಕೆಯ 1 ಸೆಂ.ಮೀ. ಅಸಲಿ ವಾಹನದ 24 ಸೆಂ.ಮೀ.ಗೆ ಸಮ. ಎರಡನೇ ಸಂಖ್ಯೆ ದೊಡ್ಡದಾದಷ್ಟೂ ಆಟಿಕೆ ಚಿಕ್ಕದಾಗುತ್ತದೆ.

ಲೆಕ್ಕ ಹಾಕುವುದು ಹೇಗೆ?

ಮುಂಬೈನ ಹಳೆಯ ಕಪ್ಪು-ಹಳದಿ ಟ್ಯಾಕ್ಸಿ ಪ್ರೀಮಿಯರ್ ಪದ್ಮಿನಿಯನ್ನೇ ತೆಗೆದುಕೊಳ್ಳಿ. ಅದರ ಉದ್ದ ಸುಮಾರು 3,930 ಮಿ.ಮೀ. ನಿಮ್ಮ ಕೈಯಲ್ಲಿರುವ ಆಟಿಕೆ ಟ್ಯಾಕ್ಸಿ 100 ಮಿ.ಮೀ. ಇದ್ದರೆ, 3,930 ಅನ್ನು 100ರಿಂದ ಭಾಗಿಸಿ. ಉತ್ತರ 39.3. ಅಂದರೆ ಸ್ಕೇಲ್ ಸುಮಾರು 1:39.

ರೋಬೋ ಕಾರಿನಲ್ಲಿ ಎಡವಟ್ಟು ಎಲ್ಲಿ?

ರೋಬೋದ ಕೈ, ಕಾಲು, ತಲೆ ಎಲ್ಲವೂ ಕಾರಿನೊಳಗೇ ಅಡಗಬೇಕು. ಅದಕ್ಕಾಗಿ ಕೆಲವೊಮ್ಮೆ ಕಾರನ್ನು ಅಗಲ ಮಾಡಿರುತ್ತಾರೆ, ಬಂಪರ್ ಉದ್ದ ಮಾಡಿರುತ್ತಾರೆ. ಹಾಗಾಗಿ ಉದ್ದವೊಂದನ್ನೇ ನಂಬಬೇಡಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನೂ ಅಳೆಯಿರಿ. ಪದ್ಮಿನಿಯಲ್ಲಿ ಇದು ಸುಮಾರು 2,340 ಮಿ.ಮೀ. ಆಟಿಕೆಯಲ್ಲಿ 60 ಮಿ.ಮೀ. ಇದ್ದರೆ ಉತ್ತರ 39. ಎರಡೂ ಲೆಕ್ಕ ತಾಳೆಯಾಯಿತು. ಆದರೆ ಅಗಲದ ಲೆಕ್ಕದಲ್ಲಿ 32 ಬಂದರೆ ಕಾರನ್ನು ಉಬ್ಬಿಸಿದ್ದಾರೆ ಎಂದೇ ಅರ್ಥ.

ಈಗ ರೋಬೋ ಎತ್ತರ ನೋಡಿ. 16 ಸೆಂ.ಮೀ. ರೋಬೋವನ್ನು 39ರಿಂದ ಗುಣಿಸಿದರೆ 6 ಮೀಟರ್‌ಗೂ ಹೆಚ್ಚು, ಅಂದರೆ ಎರಡಂತಸ್ತಿನ ಮನೆಯಷ್ಟು! 6 ಮೀಟರ್ ಉದ್ದದ ಲಾರಿಯನ್ನೂ ಅದೇ 10 ಸೆಂ.ಮೀ.ಗೆ ಇಳಿಸಿದರೆ ಸ್ಕೇಲ್ 1:60 ಆಗುತ್ತದೆ. ಕಪಾಟಿನಲ್ಲಿ ಎರಡೂ ಸಮ, ಲೆಕ್ಕದಲ್ಲಿ ಅಲ್ಲ.

ಗೊಂದಲ ಹುಟ್ಟಿನಿಂದಲೇ ಇದೆ

ಜಪಾನ್‌ನ ಟಕಾರಾ ಕಂಪನಿಯ ‘ಡಯಾಕ್ಲೋನ್’ ಸರಣಿಯ ರೋಬೋ ಕಾರುಗಳು 1982ರಲ್ಲಿ ಬಂದವು. ಅವುಗಳ ಸ್ಕೇಲ್ 1:60. ಒಳಗೆ ಕೂರುವ ಚಾಲಕ ಗೊಂಬೆಯ ಎತ್ತರ ಸುಮಾರು 3 ಸೆಂ.ಮೀ. ಅದೇ ಕಂಪನಿಯ ಇನ್ನೊಂದು ಸರಣಿಯಲ್ಲಿ ರೋಬೋ ಆಗುವ ಕ್ಯಾಸೆಟ್ ಪ್ಲೇಯರ್, ಪಿಸ್ತೂಲುಗಳಿದ್ದವು. ಇವನ್ನೆಲ್ಲ ಒಟ್ಟು ಸೇರಿಸಿ ಅಮೆರಿಕದ ಹ್ಯಾಸ್‌ಬ್ರೊ 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂದು ಮಾರಿತು. ಹೀಗೆ ಒಂದೇ ಕುಟುಂಬದಲ್ಲಿ ಹಲವು ಸ್ಕೇಲ್‌ಗಳು ಸೇರಿಕೊಂಡವು. 2003ರಲ್ಲಿ ಟಕಾರಾ ತಂದ ‘ಬೈನಲ್‌ಟೆಕ್’ ಕಾರುಗಳು ಮಾತ್ರ ಅಸಲಿ ಮಾಡೆಲ್‌ಗಳ 1:24 ಪ್ರತಿರೂಪಗಳಾಗಿದ್ದವು.

ಖರೀದಿಗೆ ಮುನ್ನ ಗಮನಿಸಿ

ಆ್ಯಪ್‌ನಲ್ಲಿ ಕೊಟ್ಟಿರುವ ಅಳತೆ ಪೆಟ್ಟಿಗೆಯದ್ದೋ, ರೋಬೋದ್ದೋ, ಕಾರಿನದ್ದೋ ನೋಡಿಕೊಳ್ಳಿ. ಲೆಕ್ಕಕ್ಕೆ ಬೇಕಿರುವುದು ಕಾರಿನ ಉದ್ದ. ಮನೆಯಲ್ಲಿರುವ ಕಾರುಗಳ ಸ್ಕೇಲ್ ಬರೆದಿಟ್ಟುಕೊಂಡರೆ ಹೊಸದು ಅವುಗಳ ಜೊತೆ ಹೊಂದುತ್ತದೋ ಇಲ್ಲವೋ ಗೊತ್ತಾಗುತ್ತದೆ. ಅಳೆಯುವ ಕೆಲಸ ಮಕ್ಕಳಿಗೇ ಕೊಡಿ, ಭಾಗಾಕಾರವೂ ಕಲಿತಂತಾಗುತ್ತದೆ. ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲೇ ಮುಂಬೈ ರಸ್ತೆಯಿಂದ ಮರೆಯಾಯಿತು. ಅದು ಎಷ್ಟು ದೊಡ್ಡದಿತ್ತು ಎಂದು ಮಗು ಕೇಳಿದರೆ, ಆಟಿಕೆ ಮತ್ತು ಅಳತೆಪಟ್ಟಿಯೇ ಉತ್ತರ ಹೇಳುತ್ತವೆ.